ಮಾತನ್ನೇ ಮದ್ದಾಗಿಸಿದ ನರ್ಸ್: ಹಿಲ್ಡೆಗಾರ್ಡ್ ಪೆಪ್ಲೌ

ನರ್ಸ್ ಎಂದ ಕೂಡಲೇ ನಮಗೆ ನೆನಪಾಗುವುದು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದು ಗಾಯಾಳುಗಳ ನಡುವೆ ಓಡಾಡಿದ ಆ ಮಹಿಳೆಯ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಗಾಯ ಮೈಮೇಲೆ ಇರದೆ ಮನಸ್ಸಿನೊಳಗೆ ಇದ್ದರೆ ನರ್ಸ್ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಇಡೀ ಬದುಕನ್ನು ಕಳೆದವರು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲೌ. ನರ್ಸಿಂಗ್ ಓದಿದವರಿಗೆಲ್ಲ ಅವರು ಮನೋವೈದ್ಯಕೀಯ ಶುಶ್ರೂಷೆಯ ತಾಯಿ ಎಂದೇ ಪರಿಚಿತರು. ನಮ್ಮಂಥ ಹೊರಗಿನವರಿಗೂ ಅವರ ಕಥೆಯಲ್ಲಿ ತಿಳಿಯಬೇಕಾದದ್ದು ಬಹಳವಿದೆ.

ಪೆಪ್ಲೌ ಹುಟ್ಟಿದ್ದು 1909ರ ಸೆಪ್ಟೆಂಬರ್ 1ರಂದು, ಪೆನ್ಸಿಲ್ವೇನಿಯಾದ ರೆಡಿಂಗ್ ಪಟ್ಟಣದಲ್ಲಿ. ವಲಸೆ ಬಂದ ದಂಪತಿಯ ಆರು ಮಕ್ಕಳಲ್ಲಿ ಎರಡನೆಯವರು. 1918ರ ಮಹಾ ಇನ್‌ಫ್ಲುಯೆಂಜಾ ಬಂದಾಗ ಅವರಿಗೆ ಒಂಬತ್ತು ವರ್ಷ. ಕಾಯಿಲೆ ಮತ್ತು ಸಾವು ಒಂದು ಮನೆಯವರನ್ನು ಹೇಗೆ ಬದಲಿಸಿಬಿಡುತ್ತವೆ ಎಂಬುದನ್ನು ಆ ಪುಟ್ಟ ಹುಡುಗಿ ಕಣ್ಣಾರೆ ಕಂಡಳು. ಹೆಣ್ಣುಮಕ್ಕಳಿಗೆ ಉದ್ಯೋಗದ ದಾರಿಗಳು ಕಡಿಮೆಯಿದ್ದ ಆ ಕಾಲದಲ್ಲಿ ಅವರು ನರ್ಸಿಂಗ್ ಆರಿಸಿಕೊಂಡು, 1931ರಲ್ಲಿ ಪಾಟ್ಸ್‌ಟೌನ್ ಆಸ್ಪತ್ರೆಯ ಶಾಲೆಯಲ್ಲಿ ತರಬೇತಿ ಮುಗಿಸಿದರು.

ಮುಂದೆ ವರ್ಮಾಂಟ್‌ನ ಬೆನ್ನಿಂಗ್ಟನ್ ಕಾಲೇಜಿನಲ್ಲಿ ನರ್ಸ್ ಆಗಿದ್ದುಕೊಂಡೇ ಮನಶ್ಶಾಸ್ತ್ರ ಓದಿ 1943ರಲ್ಲಿ ಪದವಿ ಪಡೆದರು. ಮನುಷ್ಯ ಸಂಬಂಧಗಳಲ್ಲೇ ಮನಸ್ಸಿನ ಕಾಯಿಲೆಯ ಬೇರು ಹುಡುಕುತ್ತಿದ್ದ ಹ್ಯಾರಿ ಸ್ಟ್ಯಾಕ್ ಸಲಿವನ್ ಅವರ ವಿಚಾರಗಳು ಪೆಪ್ಲೌ ಅವರ ಮೇಲೆ ಆಳವಾದ ಪ್ರಭಾವ ಬೀರಿದವು. ಎರಡನೇ ಮಹಾಯುದ್ಧದಲ್ಲಿ ಅವರು ಸೇನೆಯ ನರ್ಸ್ ಆಗಿ ಇಂಗ್ಲೆಂಡಿಗೆ ಹೋದರು. ಯುದ್ಧದ ಭೀತಿಯಿಂದ ಮನಸ್ಸು ಕುಸಿದ ಸೈನಿಕರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆ ಅದು.

ಆಗಿನ ಮಾನಸಿಕ ಆಸ್ಪತ್ರೆಗಳನ್ನು ಸ್ವಲ್ಪ ಊಹಿಸಿಕೊಳ್ಳಿ. 1950ರ ದಶಕದ ಮಧ್ಯದಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ 5 ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದರು. ಊಟ, ಸ್ನಾನ, ಬೀಗ, ಕಾವಲು, ಇಷ್ಟೇ ನರ್ಸುಗಳ ಪಾಲಿನ ಕೆಲಸ. ರೋಗಿಯ ಜೊತೆ ಕುಳಿತು ಮಾತಾಡುವುದು ಅವರ ಕೆಲಸವೆಂದು ಯಾರೂ ಲೆಕ್ಕ ಹಿಡಿಯುತ್ತಿರಲಿಲ್ಲ.

ಪೆಪ್ಲೌ ಹೇಳಿದ್ದು ಇದಕ್ಕೆ ತೀರಾ ಬೇರೆ. ನರ್ಸ್ ಮತ್ತು ರೋಗಿಯ ಸಂಬಂಧವೇ ಚಿಕಿತ್ಸೆಯ ಒಂದು ಭಾಗ ಎಂದರು. ಆ ಸಂಬಂಧಕ್ಕೆ ನಾಲ್ಕು ಹಂತಗಳನ್ನು ಗುರುತಿಸಿದರು. ಮೊದಲು ಇಬ್ಬರು ಅಪರಿಚಿತರು ಭೇಟಿಯಾಗಿ ಕಷ್ಟವೇನೆಂದು ಅರಿಯುವುದು. ಆಮೇಲೆ ಯಾರು ತನಗೆ ನೆರವಾಗಬಲ್ಲರು ಎಂದು ರೋಗಿ ಕಂಡುಕೊಂಡು ನಂಬುವುದು. ಮೂರನೆಯದು, ಸಿಗುವ ಸಹಾಯವನ್ನೆಲ್ಲ ರೋಗಿ ಪೂರ್ತಿಯಾಗಿ ಬಳಸಿಕೊಳ್ಳುವುದು. ಕೊನೆಗೆ, ಅವಲಂಬನೆ ಕಳೆದು ತನ್ನ ಕಾಲ ಮೇಲೆ ತಾನು ನಿಲ್ಲುವುದು. ಅಂದರೆ ಒಳ್ಳೆಯ ನರ್ಸ್ ತನ್ನ ಅಗತ್ಯವೇ ಇಲ್ಲದಂತೆ ಮಾಡಿ ಬೀಳ್ಕೊಡುತ್ತಾಳೆ.

ಈ ವಿಚಾರಗಳ ಪುಸ್ತಕ 1948ರಲ್ಲೇ ಬರೆದು ಮುಗಿದಿತ್ತು. ಆದರೆ ಅಚ್ಚಾಗಿ ಬಂದದ್ದು 1952ರಲ್ಲಿ. ಡಾಕ್ಟರೊಬ್ಬರ ಹೆಸರು ಜೊತೆಗಿಲ್ಲದೆ ನರ್ಸ್ ಒಬ್ಬಳೇ ಇಂಥ ಪುಸ್ತಕ ಬರೆಯುವುದು ಆಗ ಒಪ್ಪುವ ಮಾತಾಗಿರಲಿಲ್ಲ. ಪೆಪ್ಲೌ ಕಾದರು. ಪುಸ್ತಕ ಅವರೊಬ್ಬರ ಹೆಸರಿನಲ್ಲೇ ಬಂತು. ಆ ವರ್ಷಗಳಲ್ಲಿ ಅವರು ಪುಟ್ಟ ಮಗಳನ್ನು ಒಬ್ಬರೇ ಬೆಳೆಸುತ್ತಾ, ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಓದುತ್ತಾ, ಪಾಠವನ್ನೂ ಮಾಡುತ್ತಿದ್ದರು. ಮನೆ, ಮಗು, ಕೆಲಸ ಮೂರನ್ನೂ ತೂಗಿಸುವ ನಮಗೆ ಇದರ ಭಾರ ಗೊತ್ತು.

1954ರಿಂದ ಎರಡು ದಶಕ ಅವರು ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿದ್ದರು. ಮನೋವೈದ್ಯಕೀಯ ನರ್ಸಿಂಗ್‌ನಲ್ಲಿ ಪರಿಣತರನ್ನು ತಯಾರು ಮಾಡುವ ಮೊದಲ ಸ್ನಾತಕೋತ್ತರ ತರಗತಿ ಅಲ್ಲಿ ಅವರಿಂದ ಶುರುವಾಯಿತು. ಬೇಸಿಗೆ ರಜೆಯಲ್ಲಿ ಊರೂರಿನ ಆಸ್ಪತ್ರೆಗಳಿಗೆ ಹೋಗಿ ಅಲ್ಲಿನ ನರ್ಸುಗಳಿಗೆ ಕಲಿಸುತ್ತಿದ್ದರು. ರೋಗಿ ಏನೆಂದ, ತಾನೇನೆಂದೆ ಎಂಬುದನ್ನು ವಿದ್ಯಾರ್ಥಿನಿಯರು ಬರೆದಿಟ್ಟು, ಆಮೇಲೆ ಸಾಲುಸಾಲಾಗಿ ಪರಿಶೀಲಿಸಬೇಕಿತ್ತು. ನಾವು ಐಟಿಯವರು ಸಿಸ್ಟಮ್ ಎಲ್ಲಿ ಕೈಕೊಟ್ಟಿತೆಂದು ಲಾಗ್ ಓದುತ್ತೇವಲ್ಲ, ಹಾಗೆ ಅವರು ಮಾತು ಎಲ್ಲಿ ಮುರಿಯಿತೆಂದು ಹುಡುಕುತ್ತಿದ್ದರು. ವ್ಯತ್ಯಾಸವೆಂದರೆ, ತಪಾಸಣೆ ರೋಗಿಯದಲ್ಲ, ನರ್ಸಿನದು.

ಆತಂಕವನ್ನು ಅವರು ಸೌಮ್ಯ, ಮಧ್ಯಮ, ತೀವ್ರ, ದಿಗಿಲು ಎಂದು ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ಸೌಮ್ಯ ಆತಂಕದಲ್ಲಿ ಮನಸ್ಸು ಇನ್ನಷ್ಟು ಚುರುಕಾಗಿ ಕಲಿಯುತ್ತದೆ. ತೀವ್ರವಾದಾಗ ಬುದ್ಧಿಮಾತು ತಲೆಗೆ ಹೋಗುವುದೇ ಇಲ್ಲ. ಆಗ ಬೇಕಾದದ್ದು ಪುಟ್ಟ ಪುಟ್ಟ ಮಾತು, ಶಾಂತ ದನಿ, ಪಕ್ಕದಲ್ಲೊಬ್ಬರು. ಎಲ್ಲಾ ಸರಿಹೋಗುತ್ತೆ ಬಿಡಿ ಎನ್ನುವ ಪೊಳ್ಳು ಸಮಾಧಾನವಾಗಲಿ, ಯಾಕೆ ಹೀಗೆ ಮಾಡಿದೆ ಎಂಬ ಪ್ರಶ್ನೆಯಾಗಲಿ ರೋಗಿಯ ಬಾಯಿ ಮುಚ್ಚಿಸುತ್ತವೆ ಎಂದು ಇಂದಿನ ನರ್ಸಿಂಗ್ ತರಗತಿಗಳಲ್ಲಿ ಹೇಳಿಕೊಡುತ್ತಾರೆ.

ಅಮೆರಿಕದ ನರ್ಸುಗಳ ಸಂಘಕ್ಕೆ ಪೆಪ್ಲೌ 1970ರಿಂದ 1972ರವರೆಗೆ ಅಧ್ಯಕ್ಷೆಯಾಗಿದ್ದರು. 1997ರಲ್ಲಿ ಅಂತರರಾಷ್ಟ್ರೀಯ ನರ್ಸುಗಳ ಮಂಡಳಿಯ ಕ್ರಿಸ್ಟಿಯಾನ್ ರೈಮನ್ ಪ್ರಶಸ್ತಿ ಅವರಿಗೆ ಸಂದಿತು. 1999ರ ಮಾರ್ಚ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಅವರ ಪಾಠ ಮಾತ್ರ ನಿಂತಿಲ್ಲ. ಮಾನಸಿಕ ಆರೋಗ್ಯ ವಿಭಾಗದ ತರಬೇತಿಗೆ ಹೋಗುವ ನಮ್ಮ ದೇಶದ ನರ್ಸಿಂಗ್ ವಿದ್ಯಾರ್ಥಿನಿಯರು ಇಂದಿಗೂ ರೋಗಿಯೊಡನೆ ಆಡಿದ ಮಾತನ್ನು ಬರೆದು ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ವಿಷಯಕ್ಕೇ ಮೀಸಲಾದ ಎಂಎಸ್ಸಿ ಇದೆ.

ಊರು ಬಿಟ್ಟು ಬಂದ ನಮಗೆ ಇನ್ನೊಂದು ಮಾತು. ಮಗ, ಮಗಳ ಜೊತೆ ಇರಲೆಂದು ಪುಣೆಗೋ ದೆಹಲಿಗೋ ಬಂದ ಹಿರಿಯರು ಇಲ್ಲಿ ಕಾಯಿಲೆ ಬಿದ್ದರೆ, ವಾರ್ಡಿನಲ್ಲಿ ಅವರ ಭಯ ಕನ್ನಡದಲ್ಲೇ ಇರುತ್ತದೆ. ಅದನ್ನು ಕೇಳಿಸಿಕೊಳ್ಳಲು ಕನ್ನಡ ಬಲ್ಲ ಒಬ್ಬರು ಬೇಕು. ನಮ್ಮ ವೇದಿಕೆಯ ಸದಸ್ಯೆಯರು ವಾರಕ್ಕೊಂದು ಗಂಟೆ ಇದಕ್ಕೆ ಕೊಡಬಹುದೇ? ಬುದ್ಧಿ ಹೇಳಲು ಬೇಡ, ಕೇಳಿಸಿಕೊಳ್ಳಲು ಸಾಕು. ಪೆಪ್ಲೌ ಅವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.