ವಿನ್ಸ್ ಲೊಂಬಾರ್ಡಿ

ವಿನ್ಸೆಂಟ್ ಥಾಮಸ್ ಲೊಂಬಾರ್ಡಿ (ಜೂನ್ 11, 1913 – ಸೆಪ್ಟೆಂಬರ್ 3, 1970) ಅಮೆರಿಕನ್ ಫುಟ್‌ಬಾಲ್ ಕ್ರೀಡೆಯ ಪ್ರಸಿದ್ಧ ತರಬೇತುದಾರರು. 1959ರಿಂದ 1967ರವರೆಗೆ ಗ್ರೀನ್ ಬೇ ಪ್ಯಾಕರ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದ ಅವರ ಅವಧಿಯಲ್ಲಿ ತಂಡವು ಐದು ಬಾರಿ ನ್ಯಾಷನಲ್ ಫುಟ್‌ಬಾಲ್ ಲೀಗ್ ಪ್ರಶಸ್ತಿಯನ್ನೂ ಮೊದಲ ಎರಡು ಸೂಪರ್ ಬೌಲ್‌ಗಳನ್ನೂ ಗೆದ್ದಿತು. ಆಕ್ರಮಣ ಸಾಲಿನ ಆಟಗಾರರಿಗೆ ಅವರು ನೀಡಿದ ಶಿಸ್ತುಬದ್ಧ ತರಬೇತಿ ಈ ಯಶಸ್ಸಿನ ಮುಖ್ಯ ಆಧಾರವಾಗಿತ್ತು.

ಆರಂಭಿಕ ಜೀವನ

ಲೊಂಬಾರ್ಡಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಇಟಲಿ ಮೂಲದ ಕುಟುಂಬದಲ್ಲಿ ಜನಿಸಿದರು. ಫೋರ್ಡಮ್ ವಿಶ್ವವಿದ್ಯಾಲಯದ ತಂಡದಲ್ಲಿ ಗಾರ್ಡ್ ಸ್ಥಾನದಲ್ಲಿ ಆಡಿದರು. ಆ ತಂಡದ ಮುಂಚೂಣಿಯ ಏಳು ಆಟಗಾರರು ‘ಗ್ರಾನೈಟಿನ ಏಳು ಬಂಡೆಗಳು’ ಎಂಬ ಹೆಸರು ಪಡೆದಿದ್ದರು. ಆ ಸ್ಥಾನಕ್ಕೆ ಲೊಂಬಾರ್ಡಿ ಅವರದು ಚಿಕ್ಕ ಮೈಕಟ್ಟು.

ತರಬೇತಿ ವೃತ್ತಿ

1939ರಲ್ಲಿ ನ್ಯೂಜೆರ್ಸಿಯ ಸೇಂಟ್ ಸಿಸಿಲಿಯಾ ಪ್ರೌಢಶಾಲೆಯನ್ನು ಸೇರಿದ ಅವರು ಲ್ಯಾಟಿನ್, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವನ್ನು ಬೋಧಿಸುತ್ತ ತರಬೇತುದಾರರಾಗಿ ದುಡಿದರು. 1949ರಿಂದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ರೆಡ್ ಬ್ಲೇಕ್ ಅವರ ಕೈಕೆಳಗೆ ಸಾಲಿನ ತರಬೇತುದಾರರಾದರು. ಪಂದ್ಯದ ಚಿತ್ರಸುರುಳಿಗಳನ್ನು ಸೂಕ್ಷ್ಮವಾಗಿ ಅಭ್ಯಸಿಸುವ ಕ್ರಮವನ್ನು ಅವರು ಅಲ್ಲಿ ಕಲಿತರು. 1954ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಆಕ್ರಮಣ ವಿಭಾಗದ ಹೊಣೆ ವಹಿಸಿಕೊಂಡರು. ಆ ತಂಡ 1956ರಲ್ಲಿ ಲೀಗ್ ಪ್ರಶಸ್ತಿ ಗೆದ್ದಿತು.

1958ರಲ್ಲಿ ಪ್ಯಾಕರ್ಸ್ ತಂಡ 12 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿತ್ತು. ಲೊಂಬಾರ್ಡಿ ಬಂದ ಮೊದಲ ವರ್ಷವೇ ಏಳು ಪಂದ್ಯಗಳನ್ನು ಗೆದ್ದಿತು. ಮುಂದೆ 1961, 1962, 1965, 1966 ಮತ್ತು 1967ರಲ್ಲಿ ಲೀಗ್ ಪ್ರಶಸ್ತಿ ಪಡೆಯಿತು.

ಆಕ್ರಮಣ ಸಾಲಿನ ತರಬೇತಿ

ಆಕ್ರಮಣ ಸಾಲಿನಲ್ಲಿ ಒಬ್ಬ ಸೆಂಟರ್, ಇಬ್ಬರು ಗಾರ್ಡ್‌ಗಳು ಮತ್ತು ಇಬ್ಬರು ಟ್ಯಾಕಲ್‌ಗಳಿರುತ್ತಾರೆ. ಎದುರಾಳಿಗಳನ್ನು ತಡೆದು, ಚೆಂಡು ಹಿಡಿದು ಓಡುವವನಿಗೆ ದಾರಿ ಮಾಡಿಕೊಡುವುದು ಇವರ ಕೆಲಸ. ಕಬಡ್ಡಿಯಲ್ಲಿ ಕೈ ಹಿಡಿದು ನಿಂತ ಸರಪಳಿಯಂತೆ ಇಲ್ಲಿಯೂ ಒಬ್ಬನ ತಪ್ಪು ಎಲ್ಲರ ಶ್ರಮವನ್ನು ವ್ಯರ್ಥಗೊಳಿಸುತ್ತದೆ.

ಲೊಂಬಾರ್ಡಿ ಅವರ ಪ್ರಮುಖ ತಂತ್ರ ‘ಪವರ್ ಸ್ವೀಪ್’. ಇದರಲ್ಲಿ ಚೆಂಡು ಚಲಿಸಿದ ಕೂಡಲೇ ಗಾರ್ಡ್‌ಗಳಾದ ಜೆರ್ರಿ ಕ್ರೇಮರ್ ಮತ್ತು ಫಜ್ಜಿ ಥರ್ಸ್ಟನ್ ತಮ್ಮ ಜಾಗ ಬಿಟ್ಟು ಅಂಚಿನ ಕಡೆಗೆ ಓಡಿ, ಹಿಂದೆ ಬರುವ ಪಾಲ್ ಹಾರ್ನುಂಗ್ ಅವರಿಗೆ ದಾರಿ ತೆರೆಯುತ್ತಿದ್ದರು. ಗಾರ್ಡ್ ಬಿಟ್ಟುಹೋದ ಜಾಗದಿಂದ ಎದುರಾಳಿ ನುಗ್ಗದಂತೆ ಸೆಂಟರ್ ಜಿಮ್ ರಿಂಗೊ ನೋಡಿಕೊಳ್ಳಬೇಕಿತ್ತು. ತಡೆಯುವವನು ಎದುರಾಳಿಯನ್ನು ಒಂದೇ ದಿಕ್ಕಿಗೆ ತಳ್ಳಬೇಕೆಂಬ ಕಟ್ಟುಪಾಡು ಇರಲಿಲ್ಲ. ಎದುರಾಳಿ ಒಲಿದ ಕಡೆಗೇ ಅವನನ್ನು ಒಯ್ಯುವುದು, ಓಡುವವನು ಅದನ್ನು ಗಮನಿಸಿ ತೆರವಾದ ಕಡೆಗೆ ತಿರುಗುವುದು ಇದರ ತಿರುಳು.

ಹೀಗಾಗಿ ಎದುರಾಳಿಗಳಿಗೆ ತಂತ್ರ ಮೊದಲೇ ತಿಳಿದಿದ್ದರೂ ತಡೆಯುವುದು ಕಷ್ಟವಾಗುತ್ತಿತ್ತು. ಹಲವಾರು ತಂತ್ರಗಳ ಬದಲು ಕೆಲವನ್ನೇ ಆರಿಸಿ, ಹೆಜ್ಜೆಗಳು ಕರಗತವಾಗುವವರೆಗೆ ಪುನರಾವರ್ತಿಸುವುದು ಲೊಂಬಾರ್ಡಿ ಅವರ ಕ್ರಮ. 1959ರಿಂದ 1964ರವರೆಗೆ ಸಾಲಿನ ತರಬೇತಿಯನ್ನು ಜೈಂಟ್ಸ್‌ನ ಮಾಜಿ ಗಾರ್ಡ್ ಬಿಲ್ ಆಸ್ಟಿನ್ ನೋಡಿಕೊಂಡರು.

1967ರ ಡಿಸೆಂಬರ್ 31ರಂದು ಕೊರೆಯುವ ಚಳಿಯಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧ ನಡೆದ ಲೀಗ್ ಅಂತಿಮ ಪಂದ್ಯ ಈ ತರಬೇತಿಯ ಪರೀಕ್ಷೆಯಾಯಿತು. ಕೊನೆಯ ಕ್ಷಣಗಳಲ್ಲಿ ಕ್ರೇಮರ್ ಮತ್ತು ಸೆಂಟರ್ ಕೆನ್ ಬೌಮನ್ ಸೇರಿ ಎದುರಾಳಿಯೊಬ್ಬರನ್ನು ಹಿಮ್ಮೆಟ್ಟಿಸಿದರು. ಆ ಸಂದಿಯಲ್ಲಿ ಬಾರ್ಟ್ ಸ್ಟಾರ್ ನುಗ್ಗಿ, ಪ್ಯಾಕರ್ಸ್ 21–17ರಿಂದ ಗೆದ್ದಿತು.

ವ್ಯಕ್ತಿತ್ವ

ಆಟಗಾರರನ್ನು ಎಲ್ಲರೆದುರು ಕಟುವಾಗಿ ಗದರಿಸುತ್ತಿದ್ದ ಕಾರಣ ಅವರ ವಿಧಾನದ ಬಗ್ಗೆ ಟೀಕೆಗಳಿದ್ದವು. ಕ್ರೇಮರ್ 1968ರಲ್ಲಿ ಪ್ರಕಟಿಸಿದ ದಿನಚರಿಯಲ್ಲಿ ಈ ನಿಷ್ಠುರತೆಯೂ ಅದರ ಹಿಂದಿನ ವಾತ್ಸಲ್ಯವೂ ದಾಖಲಾಗಿವೆ. ತಂಡದಲ್ಲಿ ವರ್ಣಭೇದಕ್ಕೆ ಅವರು ಅವಕಾಶ ಕೊಡಲಿಲ್ಲ.

ಕೊನೆಯ ವರ್ಷಗಳು

1969ರಲ್ಲಿ ವಾಷಿಂಗ್ಟನ್ ತಂಡದ ಹೊಣೆ ಹೊತ್ತ ಅವರು ಮರುವರ್ಷ ಕರುಳಿನ ಕ್ಯಾನ್ಸರ್‌ನಿಂದ 57ನೆಯ ವಯಸ್ಸಿನಲ್ಲಿ ನಿಧನರಾದರು. ಸೂಪರ್ ಬೌಲ್ ವಿಜೇತರಿಗೆ ನೀಡುವ ಟ್ರೋಫಿಗೆ ಅವರ ಹೆಸರಿಡಲಾಗಿದೆ. 1971ರಲ್ಲಿ ಅವರು ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. ಅವರ ಆಕ್ರಮಣ ಸಾಲಿನ ಫಾರೆಸ್ಟ್ ಗ್ರೆಗ್ 1977ರಲ್ಲಿ, ರಿಂಗೊ 1981ರಲ್ಲಿ ಮತ್ತು ಕ್ರೇಮರ್ 2018ರಲ್ಲಿ ಅದೇ ಗೌರವ ಪಡೆದರು.