ದೀಪಧಾರಿಣಿಯ ಇನ್ನೊಂದು ಮುಖ: ಮೇಟ್ರನ್ ಹುದ್ದೆಗೆ ಘನತೆ ತಂದ ನೈಟಿಂಗೇಲ್

ಬೆಂಗಳೂರಿನ ದೊಡ್ಡ ಆಸ್ಪತ್ರೆಯಿರಲಿ, ಕೊಪ್ಪಳ ಜಿಲ್ಲೆಯ ಬೇವೂರಿನಂತಹ ಊರಿರಲಿ, ದಾದಿ ಎಂದೊಡನೆ ನೆನಪಾಗುವ ಹೆಸರು ಫ್ಲಾರೆನ್ಸ್ ನೈಟಿಂಗೇಲ್. ಅವರ ಜನ್ಮದಿನವಾದ ಮೇ 12 ಅಂತಾರಾಷ್ಟ್ರೀಯ ದಾದಿಯರ ದಿನ. ದೀಪ ಹಿಡಿದು ಗಾಯಾಳುಗಳನ್ನು ಸಂತೈಸಿದ ಕರುಣಾಮಯಿಯೆಂದೇ ಅವರು ಪರಿಚಿತರು. ಆದರೆ ದಾದಿಯರ ನೆಮ್ಮದಿ ಅವರ ಮೇಲ್ವಿಚಾರಕಿಯನ್ನು ಅವಲಂಬಿಸಿದೆ ಎಂಬುದನ್ನು ಕಷ್ಟಪಟ್ಟು ಕಲಿತ ಆಡಳಿತಗಾರ್ತಿಯೂ ಅವರಾಗಿದ್ದರು.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಜನನ. ದಾದಿಯ ವೃತ್ತಿ ಕೀಳೆಂದು ಮನೆಯವರು ವಿರೋಧಿಸಿದರು. ಆದರೂ 1851ರಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದು, 1853ರಲ್ಲಿ ಲಂಡನ್ನಿನ ಸಣ್ಣ ಆಸ್ಪತ್ರೆಯೊಂದರ ಮುಖ್ಯಸ್ಥೆಯಾದರು.

1854ರ ನವೆಂಬರಿನಲ್ಲಿ 38 ಮಹಿಳೆಯರೊಡನೆ ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಯನ್ನು ತಲುಪಿದರು. ತಂಡದಲ್ಲಿ ಸನ್ಯಾಸಿನಿಯರೂ ಸಂಬಳದ ದಾದಿಯರೂ ಇದ್ದು, ಪರಸ್ಪರ ಹೊಂದಾಣಿಕೆಯಿರಲಿಲ್ಲ. ಮದ್ಯಪಾನದ ಕಾರಣಕ್ಕೆ ಕೆಲವರನ್ನು ಮರಳಿ ಕಳುಹಿಸಬೇಕಾಯಿತು. ಡಿಸೆಂಬರಿನಲ್ಲಿ ಅವರ ಒಪ್ಪಿಗೆಯಿಲ್ಲದೆಯೇ ಎರಡನೆಯ ತಂಡ ಬಂದಿಳಿಯಿತು. ಯಾರು ಯಾರ ಅಧೀನರೆಂಬ ಗೊಂದಲ ಜಗಳಕ್ಕೆ ಎಡೆಮಾಡಿತು. ಅವರ ಅಧಿಕಾರವನ್ನು ಸ್ಪಷ್ಟಪಡಿಸಿದ ಸೇನಾ ಆದೇಶ ಹೊರಬಿದ್ದದ್ದು 1856ರ ಮಾರ್ಚಿನಲ್ಲಿ. ಅದೇ ತಿಂಗಳ ಕೊನೆಗೆ ಯುದ್ಧವೇ ಮುಗಿಯಿತು.

ಈ ಅನುಭವ ವ್ಯರ್ಥವಾಗಲಿಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ದಾದಿಯರು ವೈದ್ಯರಿಗಾಗಲಿ ಕಚೇರಿಯ ಅಧಿಕಾರಿಗಳಿಗಾಗಲಿ ಅಧೀನರಾಗಿರದೆ, ತರಬೇತಿ ಪಡೆದ ಮೇಟ್ರನ್ ಕೈಕೆಳಗೆ ಇರಬೇಕೆಂಬುದು ನೈಟಿಂಗೇಲರ ಪಟ್ಟು. ತಾನಿಲ್ಲದಾಗಲೂ ಕೆಲಸ ಸುಸೂತ್ರವಾಗಿ ಸಾಗುವಂತೆ ಏರ್ಪಾಡು ಮಾಡುವುದೇ ಮುಖ್ಯಸ್ಥೆಯ ಹೊಣೆಯೆಂದು 1859ರ ತಮ್ಮ ಪುಸ್ತಕದಲ್ಲಿ ಅವರು ವಿವರಿಸಿದ್ದರು.

ಅವರ ಶಿಷ್ಯೆ ಆಗ್ನೆಸ್ ಜೋನ್ಸ್ 1865ರಲ್ಲಿ 12 ದಾದಿಯರೊಡನೆ ಲಿವರ್‌ಪೂಲ್‌ನ ಬಡವರ ಆಸ್ಪತ್ರೆಯ ಹೊಣೆ ಹೊತ್ತರು. 1868ರಲ್ಲಿ ಟೈಫಸ್ ಜ್ವರಕ್ಕೆ ಬಲಿಯಾದಾಗ ಆಕೆಗೆ ಕೇವಲ 35 ವರ್ಷ. ತೆರವಾದ ಸ್ಥಾನಕ್ಕೆ ತಕ್ಕವರನ್ನು ಹುಡುಕುವುದು ನೈಟಿಂಗೇಲರಿಗೆ ಕಠಿಣವಾಯಿತು.

1872ರಲ್ಲಿ ತಮ್ಮದೇ ಶಾಲೆಯ ಲೋಪಗಳು ಅವರ ಗಮನಕ್ಕೆ ಬಂದವು. ವಿದ್ಯಾರ್ಥಿನಿಯರು ವಾರ್ಡುಗಳಲ್ಲಿ ದುಡಿದು ಬಳಲುತ್ತಿದ್ದರು, ಪಾಠ ಹಿಂದೆ ಬಿದ್ದಿತ್ತು. ಆಗ ಅವರ ಓದು ಮತ್ತು ಯೋಗಕ್ಷೇಮ ನೋಡಿಕೊಳ್ಳಲೆಂದೇ ಒಬ್ಬ ಸಿಸ್ಟರ್ ನೇಮಕಗೊಂಡರು. ಅನಾರೋಗ್ಯದಿಂದ ಬಹುತೇಕ ಮನೆಯಲ್ಲೇ ಇದ್ದ ನೈಟಿಂಗೇಲ್, ದಾದಿಯರನ್ನು ಚಹಾಕ್ಕೆ ಕರೆದು ಅವರ ಕಷ್ಟಸುಖ ವಿಚಾರಿಸುತ್ತಿದ್ದರು. ದೂರದಲ್ಲಿದ್ದವರಿಗೆ ಪತ್ರ ಬರೆಯುತ್ತಿದ್ದರು. ಶಿಸ್ತಿನ ವಿಷಯದಲ್ಲಿ ಮಾತ್ರ ಎಂದೂ ಸಡಿಲಬಿಡಲಿಲ್ಲ.

ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ ಇಲ್ಲಿನ ನೈರ್ಮಲ್ಯ ಸುಧಾರಣೆಗಾಗಿ ದಶಕಗಳ ಕಾಲ ಶ್ರಮಿಸಿದರು. 1907ರಲ್ಲಿ ಬ್ರಿಟನ್ನಿನ 'ಆರ್ಡರ್ ಆಫ್ ಮೆರಿಟ್' ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ನಿಧನರಾದರು.

ದಾದಿಯರು ಕೆಲಸ ಬಿಡುತ್ತಾರೆಂದರೆ ಮೊದಲು ಕಾಣುವುದು ಸಂಬಳ. ಅದು ಮುಖ್ಯವೇ. ಆದರೆ ವಾರ್ಡಿನ ಮುಖ್ಯಸ್ಥೆಗೆ ಸ್ಪಷ್ಟ ಅಧಿಕಾರವಿದೆಯೇ, ಕೈಕೆಳಗಿನವರ ದಣಿವು ಆಕೆಗೆ ಕಾಣುತ್ತಿದೆಯೇ ಎಂಬುದನ್ನೂ ಕೇಳಬೇಕೆಂದು ನೈಟಿಂಗೇಲರ ಬದುಕು ನೆನಪಿಸುತ್ತದೆ.