ಮೊಲದ ಮರಿಗೆ ಬಾಳು ಕೊಟ್ಟ ತಾಯಿ: ಬಿಯಾಟ್ರಿಕ್ಸ್ ಪಾಟರ್

ಶಿಶುಸಾಹಿತ್ಯದ ಕೆಲವು ಪಾತ್ರಗಳು ತಮ್ಮನ್ನು ಸೃಷ್ಟಿಸಿದವರಿಗಿಂತಲೂ ಹೆಚ್ಚು ಪರಿಚಿತವಾಗಿ ಉಳಿಯುತ್ತವೆ. ನೀಲಿ ಅಂಗಿ ತೊಟ್ಟ ಪೀಟರ್ ಎಂಬ ಮೊಲದ ಮರಿಯು ಅಂಥವುಗಳಲ್ಲೊಂದು. ಅದನ್ನು ಲೋಕದ ಮಕ್ಕಳಿಗೆ ನೀಡಿದ ಆಂಗ್ಲ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಅವರ ಜೀವನವು ಶಿಕ್ಷಕರು ಮನನ ಮಾಡತಕ್ಕದ್ದಾಗಿದೆ.

1866ರ ಜುಲೈ 28ರಂದು ಲಂಡನ್ನಿನ ಸಿರಿವಂತ ಮನೆತನದಲ್ಲಿ ಅವರು ಜನಿಸಿದರು. ಶಾಲೆಗೆ ಹೋದವರಲ್ಲ, ಮನೆಯಲ್ಲಿಯೇ ಶಿಕ್ಷಕಿಯರಿಂದ ವಿದ್ಯಾಭ್ಯಾಸವಾಯಿತು. ಒಡನಾಡಿಗಳು ವಿರಳ. ತಮ್ಮ ಬರ್ಟ್ರಮ್‌ನೊಡನೆ ಸಾಕಿದ ಮೊಲ, ಇಲಿ, ಕಪ್ಪೆ, ಬಾವಲಿಗಳೇ ಗೆಳೆಯರು. ಅವುಗಳನ್ನು ಗಂಟೆಗಟ್ಟಲೆ ನೋಡಿ, ಕಂಡಂತೆಯೇ ಚಿತ್ರಿಸುವುದು ಬಾಲೆಯ ನಿತ್ಯದ ಅಭ್ಯಾಸವಾಯಿತು. ಅಣಬೆಗಳ ಬಗೆಗೂ ಆಳವಾದ ವ್ಯಾಸಂಗ ಮಾಡಿದರು. 1897ರಲ್ಲಿ ಅವರ ಪ್ರಬಂಧವೊಂದು ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಬಂದಿತಾದರೂ, ಆ ಸಭೆಗೆ ಅಂದು ಸ್ತ್ರೀಯರಿಗೆ ಪ್ರವೇಶವಿರಲಿಲ್ಲ.

ವಿದ್ವತ್ಸಭೆಯ ಬಾಗಿಲು ಮುಚ್ಚಿದ್ದರೂ ಮಕ್ಕಳ ಹೃದಯದ ಬಾಗಿಲು ಅದಾಗಲೇ ತೆರೆದಿತ್ತು. ಅವರಿಗೆ ಪಾಠ ಹೇಳಿದ್ದ ಶಿಕ್ಷಕಿಯೊಬ್ಬರ ಪುತ್ರ ನೋಯೆಲ್ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದನು. ಅವನನ್ನು ನಗಿಸಲೆಂದು 1893ರ ಸೆಪ್ಟೆಂಬರಿನಲ್ಲಿ ಬರೆದ ಸಚಿತ್ರ ಪತ್ರವೇ ಪೀಟರನ ಕಥೆಗೆ ಮೂಲ. ಅದನ್ನು ಮುಂದೆ ಪುಸ್ತಕವಾಗಿಸಿದಾಗ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ನಿರಾಕರಿಸಿದರು. ಎಳೆಯ ಕೈಗಳಿಗೆ ಹಿಡಿಯಲಾಗುವ ಪುಟ್ಟ ಪುಸ್ತಕವೇ ಆಗಬೇಕೆಂಬುದು ಲೇಖಕಿಯ ಹಟ. 1901ರಲ್ಲಿ ಸ್ವಂತ ವೆಚ್ಚದಿಂದ 250 ಪ್ರತಿಗಳನ್ನು ಅಚ್ಚು ಹಾಕಿಸಿದರು. 1902ರಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆಯು ಬಣ್ಣದ ಚಿತ್ರಗಳೊಡನೆ ಹೊರತಂದಿತು.

ಪೀಟರನು ಆದರ್ಶ ಬಾಲಕನಲ್ಲ. ತಾಯಿಯ ಮಾತು ಮೀರಿ ಮೆಕ್‌ಗ್ರೆಗರನ ತೋಟಕ್ಕೆ ನುಗ್ಗುತ್ತಾನೆ. ಹಿಂದೆ ಅಲ್ಲಿಯೇ ತಂದೆ ಪ್ರಾಣ ಕಳೆದುಕೊಂಡಿದ್ದನು. ಅಂಗಿ, ಪಾದರಕ್ಷೆಗಳನ್ನು ಕಳೆದುಕೊಂಡು, ಮತ್ತೆ ಬರಿಯ ಮೊಲವಾಗಿ ನಾಲ್ಕು ಕಾಲುಗಳಲ್ಲಿ ಓಡಿ ಬದುಕುತ್ತಾನೆ. ಅಂಗಿ ತೊಡಿಸಿದರೂ ಲೇಖಕಿಯು ಮೊಲದ ಮೈಕಟ್ಟನ್ನಾಗಲಿ ಅಂಜಿಕೆಯನ್ನಾಗಲಿ ಸುಳ್ಳಾಗಿಸಲಿಲ್ಲ. ಅಪಾಯವನ್ನೂ ಮಕ್ಕಳಿಂದ ಮರೆಮಾಡಲಿಲ್ಲ. ತನ್ನಂತೆಯೇ ತಪ್ಪು ಮಾಡಿ, ಹೆದರಿ, ಕಡೆಗೆ ತಾಯಿಯ ಬಳಿಗೆ ಮರಳುವ ಈ ಮರಿಯಲ್ಲಿ ಮಗುವು ತನ್ನನ್ನೇ ಕಂಡಿತು.

1905ರಲ್ಲಿ ಪ್ರಕಾಶಕರ ಮನೆತನದ ನಾರ್ಮನ್ ವಾರ್ನ್ ಅವರೊಡನೆ ವಿವಾಹ ನಿಶ್ಚಯವಾಯಿತು. ವ್ಯಾಪಾರಸ್ಥರ ಸಂಬಂಧವೆಂದು ತಂದೆತಾಯಿಗಳು ಒಪ್ಪಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ನಾರ್ಮನ್ ರೋಗಕ್ಕೆ ತುತ್ತಾದರು. ಶೋಕದ ಆ ವರ್ಷವೇ ಬಿಯಾಟ್ರಿಕ್ಸ್ ಉತ್ತರ ಇಂಗ್ಲೆಂಡಿನ ಸರೋವರ ಪ್ರಾಂತ್ಯದಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡರು. ಟಾಮ್ ಎಂಬ ಬೆಕ್ಕಿನ ಮರಿಯೂ ಜೆಮೈಮಾ ಎಂಬ ಬಾತುಕೋಳಿಯೂ ಆ ಅಂಗಳದಲ್ಲಿಯೇ ಕಥೆಯಾದವು.

1913ರಲ್ಲಿ ವಕೀಲ ವಿಲಿಯಂ ಹೀಲಿಸ್ ಅವರನ್ನು ವರಿಸಿ, ಕ್ರಮೇಣ ಲೇಖನಿಗಿಂತ ಒಕ್ಕಲುತನಕ್ಕೆ ಮನಗೊಟ್ಟರು. ಹರ್ಡ್‌ವಿಕ್ ಎಂಬ ನಾಡಕುರಿಯ ತಳಿಯನ್ನು ಸಾಕಿ ಬೆಳೆಸಿದರು. ಪುಸ್ತಕಗಳಿಂದ ಬಂದ ಹಣವು ಭೂಮಿಯ ರಕ್ಷಣೆಗೆ ಸಂದಿತು. 1943ರ ಡಿಸೆಂಬರ್ 22ರಂದು ನಿಧನರಾದಾಗ 4,000ಕ್ಕೂ ಮಿಕ್ಕ ಎಕರೆ ಜಮೀನನ್ನು ಸಾರ್ವಜನಿಕ ಹಿತಕ್ಕಾಗಿ ನ್ಯಾಷನಲ್ ಟ್ರಸ್ಟಿಗೆ ಬಿಟ್ಟಿದ್ದರು. 2017ರಲ್ಲಿ ಆ ಪ್ರಾಂತ್ಯವು ವಿಶ್ವಪರಂಪರೆಯ ತಾಣವೆಂದು ಮಾನ್ಯವಾಯಿತು.

ಕಾಯಕದ ಫಲವು ದಾಸೋಹದಲ್ಲಿ ಸಾರ್ಥಕವಾಗಬೇಕೆಂದು ನಂಬಿದ ನಮಗೆ ಈ ಬಾಳು ದೂರದ್ದೆನಿಸದು. ಅಸ್ವಸ್ಥ ಬಾಲಕನೊಬ್ಬನಿಗಾಗಿ ಬರೆದುದು ಅಸಂಖ್ಯ ಮಕ್ಕಳ ಸೊತ್ತಾಯಿತು. ಒಂದು ಮಗುವಿನ ಮುಖವನ್ನು ಕಣ್ಣೆದುರು ಇಟ್ಟುಕೊಂಡು ದುಡಿಯುವ ಶಿಕ್ಷಕರ ಶ್ರಮವೂ ಹಾಗೆಯೇ ಎಲ್ಲಿಗೋ ತಲುಪುತ್ತದೆ.